ಓದುಗರ ಪ್ರಶ್ನೆ: ಇಗರ್ಜಿಯ ಬಣ್ಣದ ಗಾಜಿಗೆ ಎಂಥ ಚೌಕಟ್ಟು?

ಕಾಸರಗೋಡು ಜಿಲ್ಲೆಯ ಓದುಗರಿಂದ ಇಗರ್ಜಿಯ ಕಿಟಕಿಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ವಿಷಯಕ್ಕೆ ಸಂಬಂಧಿಸಿದ ಪತ್ರಗಳನ್ನು ಸೇರಿಸಿ, ಚಿಕ್ಕದಾಗಿಸಿ ಕೊಟ್ಟಿದ್ದೇವೆ.

ಪ್ರಶ್ನೆ: ಮಂಜೇಶ್ವರದ ಕಡೆ, ಕಡಲಿನಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ನಮ್ಮ ಹೊಸ ಇಗರ್ಜಿ ಏಳುತ್ತಿದೆ. 4 ಅಡಿ ಅಗಲ, 10 ಅಡಿ ಎತ್ತರ, ಮೇಲೆ ಚೂಪು ಕಮಾನು ಇರುವ ಹನ್ನೆರಡು ಕಿಟಕಿಗಳು. ಸೀಸದ ಪಟ್ಟಿಯಲ್ಲಿ ಜೋಡಿಸಿದ ಬಣ್ಣದ ಗಾಜು, ಅಲ್ಯೂಮಿನಿಯಂ ಚೌಕಟ್ಟು ಎಂದು ತೀರ್ಮಾನವಾಗಿದೆ. ಫಿನಿಶ್ ವಿಷಯಕ್ಕೆ ಬಂದಾಗ ಸಮಿತಿಯಲ್ಲಿ ಮೂರು ಪಕ್ಷ: ಮರದ ನಮೂನೆ, ಬಿಳಿ, ಕಪ್ಪು. ಫಾದರ್ ಕಪ್ಪಿನ ಪಕ್ಷ. ಯಾವುದು ಸರಿ?

ಉತ್ತರ: ಫಾದರ್ ಹೇಳಿದ್ದು ಒಳಬದಿಯ ಮಟ್ಟಿಗೆ ಸರಿ. ಹೊರಬದಿಯ ಲೆಕ್ಕ ಬೇರೆ. ಎರಡನ್ನೂ ಒಂದೇ ಬಣ್ಣದ ಚಾರ್ಟಿನಲ್ಲಿ ಇತ್ಯರ್ಥ ಮಾಡಲು ಹೊರಟದ್ದರಿಂದಲೇ ನಿಮ್ಮಲ್ಲಿ ಮೂರು ಪಕ್ಷ ಆದದ್ದು.

ಹಗಲು ಹೊತ್ತು ಒಳಗೆ ಕುಳಿತವರ ಕಣ್ಣಿಗೆ ಬೆಳಕು ಗಾಜಿನಿಂದ ಬರುತ್ತದೆ. ಚೌಕಟ್ಟು ಅದಕ್ಕೆ ಅಡ್ಡ ನಿಂತ ನೆರಳು. ಅದಕ್ಕೆ ಬಿಳಿ ಬಳಿದರೂ ಹೊಳೆಯುವ ಗಾಜಿನ ಪಕ್ಕದಲ್ಲಿ ಮಾಸಲು ಬೂದಿಯಾಗಿಯೇ ಕಾಣುತ್ತದೆ. ಬಿಳಿಯ ನಿಜವಾದ ತೊಂದರೆ ಗೊತ್ತಾಗುವುದು ಸಂಜೆಯ ಪೂಜೆಗೆ ದೀಪ ಹಾಕಿದಾಗ ಅಥವಾ ಎದುರು ಗೋಡೆಯ ಕಿಟಕಿಯ ಬೆಳಕು ಅದರ ಮೇಲೆ ಬಿದ್ದಾಗ. ಆಗ ಚೌಕಟ್ಟು ಗಾಜಿಗಿಂತ ಮುಂದೆ ಬಂದು ನಿಲ್ಲುತ್ತದೆ, ಕಡು ನೀಲಿಯೂ ಕಡು ಕೆಂಪೂ ಅದರ ಪಕ್ಕದಲ್ಲಿ ಸತ್ತುಹೋಗುತ್ತವೆ. ಒಳಬದಿಗೆ ಕಪ್ಪು, ಇದ್ದಲು ಬೂದಿ ಅಥವಾ ಕಡು ಕಂದು ಇರಲಿ, ಹೊಳಪು ಬೇಡವೇ ಬೇಡ, ಮ್ಯಾಟ್ ಆಗಿರಲಿ. ಹೊಳಪಿನ ಕಪ್ಪು ಟ್ಯೂಬ್‌ಲೈಟನ್ನು ಗೆರೆಯಾಗಿ ತೋರಿಸುತ್ತದೆ, ಆ ಗೆರೆ ಬಿಳಿ ಚೌಕಟ್ಟಿಗಿಂತ ಹೆಚ್ಚು ಕಣ್ಣು ಕುಕ್ಕುತ್ತದೆ.

ಹೊರಗಿನಿಂದ ನೋಡಿದರೆ ಹಗಲಲ್ಲಿ ಬಣ್ಣದ ಗಾಜಿಗೆ ಬಣ್ಣವೇ ಇಲ್ಲ, ಮಳೆಗಾಲದ ಸ್ಲೇಟಿನ ಹಾಗೆ ಕಪ್ಪು. ಅಲ್ಲಿ ಕಣ್ಣಿಗೆ ಬೀಳುವುದು ಕಮಾನಿನ ಆಕಾರ ಮತ್ತು ಚೌಕಟ್ಟು ಮಾತ್ರ. ಬೇಳದ ಶೋಕಮಾತಾ ಇಗರ್ಜಿಯಂಥ (1890) ಗೋಥಿಕ್ ಕಟ್ಟಡಗಳ ಹೊರನೋಟ ನಿಂತಿರುವುದು ಚೂಪು ಕಮಾನಿನ ಗೆರೆಯ ಮೇಲೆ. ನಿಮ್ಮ ಗೋಡೆ ಗಾರೆ ಮಾಡಿ ಬಿಳಿ ಬಳಿದದ್ದಾದರೆ ಹೊರಗೂ ಕಡು ಬಣ್ಣವೇ ಚೆನ್ನ, ಕಮಾನು ಎದ್ದು ಕಾಣುತ್ತದೆ. ಮುರಕಲ್ಲನ್ನು ಹಾಗೆಯೇ ಬಿಡುವುದಾದರೆ ಕಪ್ಪು ಬೇಡ, ಕಡು ಕಂದು ಹೊಂದುತ್ತದೆ. ಎರಡು ಬದಿಗೆ ಎರಡು ಬಣ್ಣ ಬೇಕೆಂದರೆ ಸುಲಭದ ದಾರಿಯಿದೆ: ಮುಖ್ಯ ಚೌಕಟ್ಟನ್ನು ಹೊರಗಿನ ಬಣ್ಣದಲ್ಲಿ ಮಾಡಿಸಿ, ಗಾಜನ್ನು ಒಳಗಿನಿಂದ ಹಿಡಿಯುವ ಕ್ಲಿಪ್ ಬೀಡಿಂಗನ್ನು ಮ್ಯಾಟ್ ಕಪ್ಪಿನಲ್ಲಿ ಬೇರೆಯಾಗಿ ಕೋಟ್ ಮಾಡಿಸುವುದು. ಬೀಡಿಂಗ್ ಒಳಬದಿಗೇ ಇದ್ದರೆ ಮುಂದೆ ಒಂದು ಫಲಕ ಒಡೆದಾಗ ಹೊರಗೆ ಅಟ್ಟಣಿಗೆ ಕಟ್ಟುವ ಖರ್ಚೂ ಉಳಿಯುತ್ತದೆ.

ಇನ್ನು ಮರದ ನಮೂನೆ. ಅದು ಅಲ್ಯೂಮಿನಿಯಂ ಮೇಲೆ ಮೊದಲು ಪೌಡರ್ (ಒಲೆಯಲ್ಲಿ ಬೇಯಿಸಿ ಅಂಟಿಸುವ ಬಣ್ಣದ ಒಣ ಹುಡಿ) ಹಚ್ಚಿ, ಆಮೇಲೆ ಶಾಖದಿಂದ ಫಿಲ್ಮಿನ ಶಾಯಿಯನ್ನು ಅದರೊಳಗೆ ಇಳಿಸಿದ ಚಿತ್ರ. ಪಡುವಣ ಬಿಸಿಲಿಗೆ ಆ ಶಾಯಿ ಬೇಗ ಮಾಸುತ್ತದೆ. ಅದಕ್ಕಿಂತ ಮೊದಲೇ ಕಣ್ಣಿಗೆ ಬೀಳುವುದು ಕಮಾನಿನ ತುದಿ: ಎರಡು ಬಾಗಿದ ತುಂಡು ಸೇರುವಲ್ಲಿ ಮರದ ಗೆರೆಗಳು ಒಂದಕ್ಕೊಂದು ಹೊಂದುವುದಿಲ್ಲ. ಮರದ ರೂಪವೇ ಬೇಕಾದರೆ ಮರವನ್ನೇ ಹಾಕಿ.

ಬಣ್ಣ ಇಷ್ಟು. ನಿಮ್ಮ ಜಾಗದಲ್ಲಿ ಹೆಚ್ಚು ಮುಖ್ಯವಾದದ್ದು ಬಣ್ಣದ ಕೆಳಗೆ ಇರುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಚೌಕಟ್ಟನ್ನು ತೊಳೆಯುತ್ತದೆ. ಅಕ್ಟೋಬರ್‌ನಿಂದ ಮೇವರೆಗೆ ಉಪ್ಪು ಕೂರುತ್ತಲೇ ಇರುತ್ತದೆ. ಸಜ್ಜಾದ ಅಡಿಯಲ್ಲಿ, ಮಳೆ ತಾಗದ ಮೇಲಿನ ಕಮಾನಿನಲ್ಲಿ ವರ್ಷವಿಡೀ ಕೂರುತ್ತದೆ. ಹಾಗಾಗಿ ಮಳೆಗೆ ಒಡ್ಡಿಕೊಂಡ ಕೆಳಭಾಗಕ್ಕಿಂತ ಮರೆಯಲ್ಲಿರುವ ಮೇಲ್ಭಾಗವೇ ಮೊದಲು ಕೆಡುವುದುಂಟು.

ಪೌಡರ್ ಕೋಟಿಂಗ್ ಆದರೆ ಪಾಲಿಯೆಸ್ಟರ್ ಪೌಡರ್ ಎಂದೇ ಬರೆಸಿ, ಅದರಲ್ಲೂ ಬಿಸಿಲಿಗೆ ತಡೆಯುವ ಸೂಪರ್ ಡ್ಯೂರಬಲ್ ದರ್ಜೆ. ಎಪಾಕ್ಸಿ ಪೌಡರ್ ಬಿಸಿಲಿಗೆ ಸೀಮೆಸುಣ್ಣದ ಹಾಗೆ ಪುಡಿಯೇಳುತ್ತದೆ. ದಪ್ಪ 60ರಿಂದ 80 ಮೈಕ್ರಾನ್, ಎಲ್ಲಿಯೂ 60ಕ್ಕೆ ಕಡಿಮೆ ಬೇಡ. ದಪ್ಪ ಅಳೆಯುವ ಮೀಟರ್ ಕೋಟಿಂಗ್ ಮಾಡುವವರ ಬಳಿಯೇ ಇರುತ್ತದೆ, ಸರಕು ಇಳಿಸುವಾಗ ನಿಮ್ಮ ಎದುರೇ ಅಳೆಸಿ. ಹಿಡಿತ ನೋಡಲು ಮಾದರಿ ತುಂಡಿನ ಮೇಲೆ ಬ್ಲೇಡಿನಿಂದ 2 ಮಿ.ಮೀ. ಅಂತರದಲ್ಲಿ ಅಡ್ಡ ಉದ್ದ ಆರಾರು ಗೆರೆ ಎಳೆದು, ಗಟ್ಟಿ ಟೇಪ್ ಅಂಟಿಸಿ ಸರ್ರನೆ ಕೀಳಿ. ಚೌಕಗಳು ಟೇಪಿನೊಂದಿಗೆ ಎದ್ದು ಬಂದರೆ ಪೌಡರಿಗೆ ಮೊದಲು ಲೋಹವನ್ನು ರಾಸಾಯನಿಕದಲ್ಲಿ ತೊಳೆಯುವ ಹಂತವನ್ನು ಹಾರಿಸಿರಬಹುದು. ಅಂಥ ಕೋಟಿಂಗ್ ಕಡಲ ಬಳಿ ನಿಲ್ಲುವುದಿಲ್ಲ.

ಕೆಲಸದ ಕ್ರಮ ಹೀಗಿರಲಿ: ಮೊದಲು ಕತ್ತರಿಸು, ಬಾಗಿಸು, ತೂತು ಕೊರೆ, ಆಮೇಲೆ ಕೋಟ್ ಮಾಡು. ಹೆಚ್ಚಿನವರು ಕೋಟ್ ಆದ ಉದ್ದದ ಸೆಕ್ಷನ್ ತಂದು ಸ್ಥಳದಲ್ಲೇ ಕತ್ತರಿಸುತ್ತಾರೆ. ಕತ್ತರಿಸಿದ ತುದಿಯಲ್ಲಿ, ಸ್ಕ್ರೂ ತೂತಿನಲ್ಲಿ ಲೋಹ ಬರಿಮೈ ಆಗಿರುತ್ತದೆ. ಅಲ್ಲಿಂದ ಉಪ್ಪುನೀರು ಬಣ್ಣದ ಅಡಿಗೆ ನುಗ್ಗಿ ಹುಳು ಹರಿದ ಹಾಗೆ ಗೆರೆಗಳನ್ನು ಎಬ್ಬಿಸುತ್ತದೆ. ನೇರ ಕಿಟಕಿಯಲ್ಲಾದರೆ ತುದಿಗೆ ಸೀಲೆಂಟ್ ಬಳಿದು ಸುಧಾರಿಸಬಹುದು. ಕಮಾನಿಗೆ ಆ ರಿಯಾಯಿತಿಯೂ ಇಲ್ಲ, ಕೋಟ್ ಆದ ಮೇಲೆ ಬಾಗಿಸಿದರೆ ಹೊರಬಾಗಿನಲ್ಲಿ ಕಣ್ಣಿಗೆ ಕಾಣದಂಥ ಬಿರುಕು ಬಿಡುತ್ತದೆ. ಆನೊಡೈಸ್ ಪದರವಂತೂ (ವಿದ್ಯುತ್ ಹಾಯಿಸಿ ಲೋಹದ ಮೈಯಲ್ಲೇ ಬೆಳೆಸಿದ ಆಕ್ಸೈಡ್ ಪದರ) ಖಂಡಿತ ಬಿರಿಯುತ್ತದೆ.

ಆನೊಡೈಸ್ ಒಳ್ಳೆಯ ಫಿನಿಶ್, ಸುಲಿಯುವುದಿಲ್ಲ. ಕಡಲ ಬಳಿಗೆ 25 ಮೈಕ್ರಾನ್ ಕೇಳಿ. ಆದರೆ ಸಿಮೆಂಟು, ಸುಣ್ಣದ ನೀರು ಅದರ ವೈರಿ. ಒಂದು ಹನಿ ಗಾರೆ ರಾತ್ರಿಯಿಡೀ ಉಳಿದರೂ ಬಿಳಿ ಕಲೆ ಬೀಳುತ್ತದೆ, ಆ ಕಲೆಯನ್ನು ಯಾವ ಪಾಲಿಶಿನಿಂದಲೂ ತೆಗೆಯಲಾಗದು. ಗಾರೆ, ಸುಣ್ಣ ಎಲ್ಲ ಮುಗಿದ ಮೇಲೆ ಚೌಕಟ್ಟು ಕೂರಿಸುವ ಶಿಸ್ತು ನಿಮ್ಮಲ್ಲಿದ್ದರೆ ಆನೊಡೈಸ್, ಸಾಂತ್ಮಾರಿಗೆ (ಇಗರ್ಜಿಯ ವಾರ್ಷಿಕ ಹಬ್ಬಕ್ಕೆ) ಮುಗಿಸಬೇಕೆಂದು ಎಲ್ಲ ಕೆಲಸ ಒಟ್ಟೊಟ್ಟಿಗೆ ನಡೆಯುವುದಾದರೆ ಪೌಡರ್. ನಿಮ್ಮ ಪತ್ರ ಓದಿದರೆ ಪೌಡರೇ ಕ್ಷೇಮ ಅನಿಸುತ್ತದೆ. ಯಾವುದೇ ಆಗಲಿ, ಹನ್ನೆರಡೂ ಕಿಟಕಿಗಳ ಸೆಕ್ಷನ್ ಒಂದೇ ಸಲಕ್ಕೆ ಕೋಟ್ ಆಗಲಿ. ಎರಡು ಕಂತಿನಲ್ಲಿ ಮಾಡಿಸಿದ ಕಡು ಕಂದುಗಳು ಅಕ್ಕಪಕ್ಕ ನಿಂತಾಗ ಅಣ್ಣತಮ್ಮಂದಿರಂತೆ ಕಾಣುತ್ತವೆ, ಅವಳಿಗಳಂತೆ ಅಲ್ಲ.

ಕಡು ಬಣ್ಣ ಪಡುವಣ ಬಿಸಿಲಲ್ಲಿ ಹೆಚ್ಚು ಕಾಯುತ್ತದೆ, ಅದಕ್ಕೆ ಜಾಗ ಬಿಡಿ. 1 ಮೀಟರ್ ಸೀಸ 30 ಡಿಗ್ರಿ ಬಿಸಿಯೇರಿದರೆ ಸುಮಾರು 0.9 ಮಿ.ಮೀ. ಹಿಗ್ಗುತ್ತದೆ, ಅಲ್ಯೂಮಿನಿಯಂ 0.7, ಗಾಜು 0.3ಕ್ಕೂ ಕಡಿಮೆ. ಫಲಕದ ಸುತ್ತ 3 ಮಿ.ಮೀ. ಸಡಿಲ ಇರಲೇಬೇಕು. 10 ಅಡಿಯನ್ನು ಒಂದೇ ಫಲಕ ಮಾಡಿದರೆ ಸೀಸ ತನ್ನ ಭಾರಕ್ಕೆ ಕುಸಿದು ಹೊಟ್ಟೆ ಬರುತ್ತದೆ. ನಾಲ್ಕು ಫಲಕ ಮಾಡಿ, ತಲಾ ಹೆಚ್ಚೆಂದರೆ 10 ಚದರ ಅಡಿ, ನಡುವೆ ಅಡ್ಡಪಟ್ಟಿ. ಸೀಸವೂ ಅಲ್ಯೂಮಿನಿಯಮ್ಮೂ ನೇರವಾಗಿ ತಾಗದಂತೆ ಇಪಿಡಿಎಂ ರಬ್ಬರ್ ಇಡಿ. ಸ್ಕ್ರೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಅಡಿಗೆ ನೈಲಾನ್ ವಾಷರ್. 304 ದರ್ಜೆಯದು ಇಲ್ಲಿ ಚಹಾ ಚೆಲ್ಲಿದ ಹಾಗೆ ಕಂದುಗಟ್ಟುತ್ತದೆ. ಹಿತ್ತಾಳೆ ಸ್ಕ್ರೂ ಬೇಡ. ಫಲಕವನ್ನು ಆಧಾರದ ಸರಳಿಗೆ ಕಟ್ಟುವ ತಾಮ್ರದ ತಂತಿಗಳು ಒಳಬದಿಗಿರಲಿ, ತಾಮ್ರ ತೊಳೆದು ಬಂದ ಮಳೆನೀರು ಅಲ್ಯೂಮಿನಿಯಂ ಮೇಲೆ ಹರಿದಲ್ಲೆಲ್ಲ ಗುಂಡಿ ಬೀಳುತ್ತದೆ. ಕೆಳಗಿನ ಚೌಕಟ್ಟಿಗೆ ಒಂದೂವರೆ ಅಡಿಗೊಂದರಂತೆ 8 ಮಿ.ಮೀ. ತೂತು ಬಿಡಿಸಿ, ನೀರು ಹೊರಹೋಗಲಿ.

ಪ್ರಶ್ನೆ: ನೂರು ವರ್ಷ ದಾಟಿದ ನಮ್ಮ ಇಗರ್ಜಿಯ ಕಿಟಕಿಗಳ ದಾರಂದ ಮರದ್ದು. ಒಂದರ ಮೇಲೊಂದು ಹಸಿರು, ನೀಲಿ, ಕಂದು ಬಣ್ಣದ ಪದರಗಳಿವೆ. ಎಲ್ಲ ಸುಲಿದು ಮರದ ಬಣ್ಣ ಕಾಣುವಂತೆ ಪಾಲಿಶ್ ಮಾಡಿಸುವ ಆಸೆ. ಗಾಜು ತೆಗೆಯದೆ ಮಾಡಬಹುದೇ? (ಬದಿಯಡ್ಕ)

ಉತ್ತರ: ಸುಲಿಯಬಹುದು. ಪಾಲಿಶ್ ಬೇಡ.

ಪಾರದರ್ಶಕ ವಾರ್ನಿಶ್ ಬಿಸಿಲನ್ನು ತಡೆಯುವುದಿಲ್ಲ, ಒಳಗೆ ಬಿಡುತ್ತದೆ. ಬಿಸಿಲು ಮರದ ಮೇಲ್ಪದರವನ್ನು ಸಡಿಲ ಮಾಡಿದಾಗ ವಾರ್ನಿಶ್ ಹಿಡಿತ ತಪ್ಪಿ ಚಕ್ಕೆ ಏಳುತ್ತದೆ. ಹೊರಬದಿಗೆ ಎಷ್ಟು ಒಳ್ಳೆಯದನ್ನು ಬಳಿದರೂ 2-3 ವರ್ಷಕ್ಕೊಮ್ಮೆ ಉಜ್ಜಿ ಹೊಸದಾಗಿ ಬಳಿಯಬೇಕು. 15 ಅಡಿ ಎತ್ತರದ ಕಿಟಕಿಗೆ ಅದನ್ನು ಯಾರು ಮಾಡುತ್ತಾರೆ? ಅಗಸೆ ಎಣ್ಣೆ ಉಜ್ಜುವ ಸಲಹೆಯೂ ಬರುತ್ತದೆ. 3,000 ಮಿ.ಮೀ. ಮೀರಿ ಮಳೆ ಬೀಳುವ ನಮ್ಮಲ್ಲಿ ಆ ಎಣ್ಣೆ ಬೂಸಲಿಗೆ ಊಟ, ಎರಡನೇ ಆಟಿಗೆ (ಮಳೆಗಾಲದ ತುಳು ತಿಂಗಳು) ಮರ ಕಪ್ಪಾಗುತ್ತದೆ. ಒಳಬದಿಗೆ ಬೇಕಾದರೆ ಪಾಲಿಶ್ ಮಾಡಿ, ಹೊರಗೆ ಬಣ್ಣವೇ ಇರಲಿ. ಹಳಬರು ಬಣ್ಣ ಬಳಿದದ್ದು ಮರದ ಚಂದ ಗೊತ್ತಿಲ್ಲದೆ ಅಲ್ಲ.

ಸುಲಿಯುವಾಗ ಎರಡು ಕೆಲಸ ಮಾಡಬಾರದು. ಒಂದು, ಬಿಸಿಗಾಳಿ ಗನ್ ಹಿಡಿಯುವುದು. ಸೀಸದ ಪಟ್ಟಿಗಳ ಬೆಸುಗೆ 183 ಡಿಗ್ರಿಗೇ ಮೆತ್ತಗಾಗತೊಡಗುತ್ತದೆ, ಗನ್ನಿನ ಗಾಳಿ ಅದರ ದುಪ್ಪಟ್ಟಿಗೂ ಮೀರಿ ಬಿಸಿ. ಬೆಸುಗೆ ಉಳಿದರೂ ಗಾಜು ಒಂದೇ ಕಡೆ ಕಾದು ಸೀಳುತ್ತದೆ. ಎರಡು, ಕಾಸ್ಟಿಕ್ ಸೋಡಾದ ಪೇಸ್ಟ್. ಅದು ಸೀಸವನ್ನೂ ತಿನ್ನುತ್ತದೆ, ಗಾಜಿನ ಮೇಲೆ ಸುಟ್ಟು ಬರೆದ ಮುಖ, ಬಟ್ಟೆಯ ಮಡಿಕೆಗಳ ಗೆರೆಯನ್ನೂ ಅಳಿಸುತ್ತದೆ. ನೀರು ಚಿಮುಕಿಸಿ ಕೈಯಿಂದ ಹೆರೆಯುವುದೊಂದೇ ದಾರಿ. ಒಣ ಉಪ್ಪುಕಾಗದ ಹಾಕಿ ಧೂಳೆಬ್ಬಿಸಬೇಡಿ. ಭಾರತದಲ್ಲಿ ಬಣ್ಣದಲ್ಲಿ ಸೀಸದ ಪ್ರಮಾಣವನ್ನು 90 ಪಿಪಿಎಂಗೆ (ಹತ್ತು ಲಕ್ಷಕ್ಕೆ 90 ಪಾಲು) ಮಿತಿಗೊಳಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಪದರದಲ್ಲೆಲ್ಲ ಸೀಸ ಇದೆಯೆಂದೇ ತಿಳಿದು ಕೆಲಸ ಮಾಡಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಚಕ್ಕೆಗಳನ್ನು ಚೀಲದಲ್ಲಿ ಕಟ್ಟಿ, ಕೈ ತೊಳೆಯದೆ ಏನೂ ತಿನ್ನಬೇಡಿ, ಆ ಹೊತ್ತಿನಲ್ಲಿ ಮಕ್ಕಳ ಧರ್ಮೋಪದೇಶ ಬೇರೆ ಕಡೆ ನಡೆಯಲಿ. ಗಾಜು ಅಲುಗಾಡುತ್ತಿದ್ದರೆ, ಪುಟ್ಟಿ ಉದುರಿದ್ದರೆ ಮಾತ್ರ ಫಲಕ ತೆಗೆಸಿ. ಗಟ್ಟಿಯಿದ್ದುದನ್ನು ತೆಗೆಯಲು ಹೋಗಿಯೇ ಹೆಚ್ಚು ಗಾಜು ಒಡೆಯುವುದು.

ಹೆರೆದ ಮೇಲೆ ಮರದ ಜಾತಿ ನೋಡಿ. ತೇಗವಾದರೆ ಅದರ ಎಣ್ಣೆ ಬಣ್ಣವನ್ನು ದೂಡುತ್ತದೆ. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ತಕ್ಷಣ, ಒಂದು ಗಂಟೆಯೊಳಗೆ, ಅಲ್ಯೂಮಿನಿಯಂ ವುಡ್ ಪ್ರೈಮರ್ ಬಳಿಸಿ. ಹಲಸು, ಬೋಗಿಗೆ ಮಾಮೂಲು ವುಡ್ ಪ್ರೈಮರ್ ಸಾಕು. ಗಾಜು ಕೂರಲೆಂದು ಮರದಲ್ಲಿ ಕೊರೆದ ಗಾಡಿಗೂ ಪ್ರೈಮರ್ ತಾಗಬೇಕು, ಬರಿ ಮರ ಪುಟ್ಟಿಯ ಎಣ್ಣೆಯನ್ನು ಹೀರಿಬಿಡುತ್ತದೆ, ಪುಟ್ಟಿ ಒಣ ಹಿಟ್ಟಾಗಿ ಉದುರುತ್ತದೆ. ಕಂಬದ ತುದಿ ಕೆಳಗಿನ ಅಡ್ಡಪಟ್ಟಿಗೆ ಸೇರುವ ಜಾಗಕ್ಕೆ ಎರಡು ಕೋಟ್ ಹೆಚ್ಚು ಕೊಡಿ, ಕೊಳೆಯುವುದು ಶುರುವಾಗುವುದೇ ಅಲ್ಲಿ. ಮೇಲೆ ಹೊರಬಳಕೆಯ ಸ್ಯಾಟಿನ್ ಎನಾಮೆಲ್ ಎರಡು ಕೋಟ್. ಬಣ್ಣ ಪುಟ್ಟಿಯನ್ನು ದಾಟಿ ಗಾಜಿನ ಮೇಲೆ 2 ಮಿ.ಮೀ. ಏರಿರಲಿ. ಆ ಎರಡು ಮಿ.ಮೀ. ಚೆನ್ನಾಗಿ ಕಾಣುವುದಿಲ್ಲವೆಂದು ಬ್ಲೇಡಿನಿಂದ ಹೆರೆದು ತೆಗೆದರೆ ನೀರಿಗೆ ಬಾಗಿಲು ತೆರೆದ ಹಾಗೆ.

ಮೊಂತಿ ಫೆಸ್ತ್ (ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬ) ಕಳೆದ ಕೂಡಲೇ ಶುರು ಮಾಡಿ ಕ್ರಿಸ್ಮಸ್‌ಗೆ ಮುಗಿಸುವ ಲೆಕ್ಕಾಚಾರ ಬೇಡ. ಸೆಪ್ಟೆಂಬರಿನಲ್ಲಿ ಮರ ಇನ್ನೂ ನೀರು ಕುಡಿದಿರುತ್ತದೆ, ಅಕ್ಟೋಬರಿನಲ್ಲಿ ಸಂಜೆಯ ಗುಡುಗು ಮಳೆ. ತೇವ ಅಳೆಯುವ ಮೀಟರ್ 15 ಶೇಕಡಾಕ್ಕಿಂತ ಕೆಳಗೆ ತೋರಿಸಿದ ಮೇಲೆ ಪ್ರೈಮರ್ ಹಚ್ಚಿ. ಜನವರಿಯಿಂದ ಮಾರ್ಚ್ ಸರಿಯಾದ ಕಾಲ.

ಪ್ರಶ್ನೆ: ಎರಡು ವರ್ಷದ ಹಿಂದೆ ಕೂರಿಸಿದ ಬಣ್ಣದ ಗಾಜಿನ ಅಂಚಿನ ಸೀಸದಲ್ಲಿ ಬಿಳಿ ಹುಡಿ ಏಳುತ್ತಿದೆ. ಚೌಕಟ್ಟಿನ ಬಣ್ಣದ ದೋಷವೆಂದು ಒಬ್ಬರು, ಕಡಲ ಉಪ್ಪೆಂದು ಇನ್ನೊಬ್ಬರು. (ಕುಂಬಳೆ)

ಉತ್ತರ: ಹುಡಿ ಅಂಚಿನಲ್ಲಿ ಮಾತ್ರ ಇದ್ದು, ನಡುವಿನ ಸೀಸ ಬೂದಿ ಬಣ್ಣದಲ್ಲೇ ಇದ್ದರೆ ಅದು ಉಪ್ಪಲ್ಲ. ಉಪ್ಪುಗಾಳಿ ಅಂಚನ್ನು ಆರಿಸಿಕೊಂಡು ಬೀಸುವುದಿಲ್ಲ. ಗಾಜು ಕೂರಿಸಿದ ದಿನ ಸಿಲಿಕಾನಿನಿಂದ ವಿನೆಗರ್ ವಾಸನೆ ಬಂದಿತ್ತೇ ಎಂದು ಕೆಲಸದವರನ್ನು ಕೇಳಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸಾಮಾನ್ಯ ಸಿಲಿಕಾನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಆಮ್ಲ ಸೀಸವನ್ನು ತಿಂದು, ಆಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಸೀಸದ ಕಾರ್ಬೊನೇಟ್ ಎಂಬ ಬಿಳಿ ಹುಡಿಯಾಗುತ್ತದೆ. ಹಸಿ ಮರದ ದಾರಂದವೂ ಇದೇ ಆಮ್ಲವನ್ನು ನಿಧಾನವಾಗಿ ಬಿಡುತ್ತದೆ. ಹಸಿ ಸಿಮೆಂಟ್ ಗಾರೆ ತಾಗಿದರೂ ಸೀಸ ಬಿಳಿಯಾಗುವುದುಂಟು, ಅದಕ್ಕೆ ಕಾರಣ ಆಮ್ಲವಲ್ಲ, ಕ್ಷಾರ. ನಿಮ್ಮ ಗಾಜು ಗೋಡೆಗೇ ನೇರ ಕೂರಿಸಿದ್ದಾದರೆ ಅದನ್ನೂ ನೋಡಿ.

ಆ ಹುಡಿ ವಿಷ. ಒಣ ಬ್ರಷ್ ಹಾಕಬೇಡಿ, ಬಾಯಿಂದ ಊದಬೇಡಿ. ಕೈಗವಸು, ಮುಖಗವಸು ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಎಸೆಯಿರಿ. ಹಳೆ ಸಿಲಿಕಾನನ್ನು ಪೂರ್ತಿ ಕೊಯ್ದು ತೆಗೆದು, ನ್ಯೂಟ್ರಲ್ ಕ್ಯೂರ್ ಎಂದು ಬರೆದ ಸಿಲಿಕಾನ್ ಹಾಕಿಸಿ. ಹಳೆಯದರ ಮೇಲೆಯೇ ಹೊಸತನ್ನು ಬಳಿದರೆ ಏನೂ ಬದಲಾಗುವುದಿಲ್ಲ. ಚೌಕಟ್ಟಿನ ಬಣ್ಣದ ಮೇಲೆ ತಪ್ಪು ಹೊರಿಸಬೇಕಾಗಿಲ್ಲ.

ಪ್ರಶ್ನೆ: ಗಾಜಿಗೆ ಆಧಾರವಾಗಿ ಮುರಕಲ್ಲಿನ ಗೋಡೆಗೆ ನೆಟ್ಟ ಕಬ್ಬಿಣದ ಸರಳುಗಳಿಂದ ತುಕ್ಕಿನ ನೀರು ಇಳಿದು ಗೋಡೆ ಕಲೆಯಾಗಿದೆ. ಪ್ರತಿ ವರ್ಷ ಕಪ್ಪು ಬಳಿಯುತ್ತೇವೆ, ಪ್ರತಿ ವರ್ಷ ತುಕ್ಕು. (ಉಪ್ಪಳ)

ಉತ್ತರ: ನೀವು ಬಳಿಯುತ್ತಿರುವುದು ಕಾಣುವ ಭಾಗಕ್ಕೆ. ತುಕ್ಕು ಇರುವುದು ಕಲ್ಲಿನೊಳಗೆ ಹೋದ ಎರಡಿಂಚಿನಲ್ಲಿ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ತಿನ್ನುತ್ತದೆ, ಕಲ್ಲನ್ನೇ ಸೀಳುತ್ತದೆ. ಸರಳಿನ ಸುತ್ತ ನಕ್ಷತ್ರದ ಹಾಗೆ ಬಿರುಕು ಕಂಡರೆ ತಡ ಮಾಡಬೇಡಿ.

ತಂತಿ ಬಿಚ್ಚಿ, ಸರಳು ತೆಗೆದು, ಒಂದೋ 316 ಸ್ಟೀಲಿನ 10-12 ಮಿ.ಮೀ. ಸರಳು ಹಾಕಿ, ಇಲ್ಲವೇ ಹಳೆಯದನ್ನು ಅಳತೆಗೆ ಕತ್ತರಿಸಿ ಬಿಸಿ ಸತುವಿನಲ್ಲಿ ಅದ್ದಿಸಿ ತನ್ನಿ. ಸತುವಿನ ಪದರ ಸುಮಾರು 85 ಮೈಕ್ರಾನ್, ಅಂದರೆ ಚದರ ಮೀಟರಿಗೆ 610 ಗ್ರಾಂ. ಐಎಸ್ 4759 (ಇದಕ್ಕಿರುವ ಭಾರತೀಯ ಮಾನದಂಡ) ಪ್ರಕಾರ ಎಂದು ಹೇಳಿದರೆ ಗ್ಯಾಲ್ವನೈಸ್ ಮಾಡುವವರಿಗೆ, ಅಂದರೆ ಸತುವಿನಲ್ಲಿ ಅದ್ದುವವರಿಗೆ, ಅರ್ಥವಾಗುತ್ತದೆ. ಸ್ಪ್ರೇ ಡಬ್ಬಿಯ ಬೆಳ್ಳಿ ಬಣ್ಣ ಗ್ಯಾಲ್ವನೈಸ್ ಅಲ್ಲ. ಎಡವುವುದು ಮುಂದಿನ ಹೆಜ್ಜೆಯಲ್ಲಿ: ಹೊಸ ಸತುವಿನ ಮೇಲೆ ನೇರವಾಗಿ ಎನಾಮೆಲ್ ಬಳಿದರೆ ಬಣ್ಣದ ಎಣ್ಣೆ ಸತುವಿನೊಂದಿಗೆ ಸೇರಿ ಸಾಬೂನಾಗುತ್ತದೆ, ಒಂದೇ ಮಳೆಗಾಲಕ್ಕೆ ಹಾಳೆಯಂತೆ ಸುಲಿಯುತ್ತದೆ. ಗ್ಯಾಲ್ವನೈಸಿಗೆಂದೇ ಇರುವ ಎಚ್ (etch) ಪ್ರೈಮರ್, ಅಂದರೆ ಲೋಹದ ಮೈಯನ್ನು ತುಸು ಕೊರೆದು ಹಿಡಿಯುವ ಪ್ರೈಮರ್, ಅಥವಾ ಎಪಾಕ್ಸಿ ಪ್ರೈಮರ್, ಅದರ ಮೇಲೆ ಮ್ಯಾಟ್ ಕಪ್ಪು ಪಾಲಿಯುರೆಥೇನ್. ಗೋಡೆಯ ಕಲೆ ತೆಗೆಯಲು ಆ್ಯಸಿಡ್ ಎರಚಬೇಡಿ, ಹನಿ ಗಾಜಿಗೂ ಸೀಸಕ್ಕೂ ಹಾರುತ್ತದೆ.

ಪ್ರಶ್ನೆ: ಬಲಿಪೀಠದ ಹಿಂದಿನ ಕಿಟಕಿಗೆ ಮಾತ್ರ ಚಿನ್ನದ ಬಣ್ಣ ಮಾಡಬಹುದೇ?

ಉತ್ತರ: ಡಬ್ಬಿಯ ಚಿನ್ನದ ಬಣ್ಣದಲ್ಲಿ ಇರುವುದು ತಾಮ್ರ, ಸತುವಿನ ಹುಡಿ. ಕಡಲ ಗಾಳಿಗೆ ಅದು ಕಂದಾಗಿ, ಕೊನೆಗೆ ಕಿಲುಬು ಹಿಡಿಯುತ್ತದೆ. ನಿಜವಾದ ಚಿನ್ನದ ರೇಕು ಮಾಸುವುದಿಲ್ಲ, ಒಳಬದಿಯಲ್ಲಿ ಬೆರಳಗಲದ ಒಂದು ಗೆರೆಗೆ ಹಾಕಿಸಿದರೆ ಖರ್ಚೂ ಅಷ್ಟಾಗದು. ಆದರೆ ಹಗಲಲ್ಲಿ ಬೆಳಕಿಗೆ ಬೆನ್ನು ಹಾಕಿ ನಿಂತ ಚಿನ್ನ ಯಾರಿಗೂ ಕಾಣುವುದಿಲ್ಲ.

ಪ್ರಶ್ನೆ: ಮಳೆ ತಡೆಯಲೆಂದು ಬಣ್ಣದ ಗಾಜಿನ ಹೊರಗೆ ಪಾರದರ್ಶಕ ಹಾಳೆ ಹಾಕಿಸಿದೆವು. ಈಗ ನಡುವೆ ಮಂಜು ಕಟ್ಟುತ್ತದೆ, ಚೌಕಟ್ಟಿನ ಬಣ್ಣ ಗುಳ್ಳೆ ಎದ್ದಿದೆ, ಹಾಳೆ ಹಳದಿಯಾಗಿದೆ. (ಕಾಸರಗೋಡು)

ಉತ್ತರ: ಹಳದಿಯಾದದ್ದು ಪಾಲಿಕಾರ್ಬೊನೇಟ್, ಅದರ ಸ್ವಭಾವ ಅದು. ಮಂಜಿಗೂ ಗುಳ್ಳೆಗೂ ಕಾರಣ ಒಂದೇ: ಸುತ್ತಲೂ ಗಾಳಿಯಾಡದಂತೆ ಸೀಲ್ ಮಾಡಿದ್ದಾರೆ. ಹಗಲಲ್ಲಿ ನಡುವಿನ ಗಾಳಿ ಒಲೆಯ ಹಾಗೆ ಕಾಯುತ್ತದೆ, ರಾತ್ರಿ ತಣಿದಾಗ ತೇವ ನೀರಾಗಿ ಚೌಕಟ್ಟಿನ ಮೇಲೆ ಇಳಿಯುತ್ತದೆ. ಹಾಳೆ ತೆಗೆದು 6 ಮಿ.ಮೀ. ಟಫನ್ಡ್ ಗಾಜು ಹಾಕಿ, ಬಣ್ಣದ ಗಾಜಿನಿಂದ 25ರಿಂದ 50 ಮಿ.ಮೀ. ದೂರದಲ್ಲಿ. ಮೇಲೆ ಒಂದು, ಕೆಳಗೆ ಒಂದು ಗಾಳಿಕಿಂಡಿ ಬಿಡಿ, ಮಳೆಯ ಇರಚಲು ನುಗ್ಗದಂತೆ ಕಿಂಡಿಯ ಬಾಯಿ ಕೆಳಮುಖವಾಗಿರಲಿ, ಹುಳು ಹೋಗದಂತೆ ಸ್ಟೀಲ್ ಬಲೆ ಇರಲಿ. ಗುಳ್ಳೆಯೆದ್ದ ಬಣ್ಣವನ್ನು ಕೆರೆದು, ಚೌಕಟ್ಟು ಒಂದು ಬೇಸಿಗೆ ಪೂರ್ತಿ ಒಣಗಿದ ಮೇಲೆಯೇ ಹೊಸ ಬಣ್ಣ. ಮಳೆಗಾಲಕ್ಕೆ ಮನೆಯ ಪಡುಗೋಡೆಗೆ ಮಡಲಿನ ತಟ್ಟಿ ಕಟ್ಟುತ್ತಿದ್ದ ಹಿರಿಯರೂ ಅದನ್ನು ಗೋಡೆಗೆ ಅಂಟಿಸುತ್ತಿರಲಿಲ್ಲ, ನಡುವೆ ಗಾಳಿಗೆ ಜಾಗ ಇರುತ್ತಿತ್ತು.

ಪ್ರಶ್ನೆ: ಪೌಡರ್ ಕೋಟ್ ಆದ ಚೌಕಟ್ಟನ್ನು ಎಷ್ಟು ದಿನಕ್ಕೊಮ್ಮೆ, ಏನು ಹಾಕಿ ತೊಳೆಯಬೇಕು?

ಉತ್ತರ: ಮಳೆ ನಿಂತ ಮೇಲೆ ಮೂರು ತಿಂಗಳಿಗೊಮ್ಮೆ, ಬಾವಿಯ ಸಿಹಿನೀರಿನಿಂದ. ಪಾತ್ರೆ ತೊಳೆಯುವ ದ್ರವ ಒಂದು ಬಕೆಟಿಗೆ ಒಂದು ಚಮಚ ಸಾಕು, ಮೆತ್ತಗಿನ ಬಟ್ಟೆ, ಕೊನೆಗೆ ಬರಿ ನೀರು. ಸಜ್ಜಾದ ಅಡಿಯನ್ನು ಮರೆಯಬೇಡಿ. ಥಿನ್ನರ್, ಅಮೋನಿಯ ಇರುವ ಗಾಜು ಒರೆಸುವ ದ್ರವ, ನಾರು ಬ್ರಷ್ ಯಾವುದೂ ಬೇಡ, ಪೈಪಿನಿಂದ ಜೋರಾಗಿ ನೀರು ಹಾಯಿಸುವುದಂತೂ ಬೇಡವೇ ಬೇಡ, ಸೀಸದ ಸಂದಿಯ ಪುಟ್ಟಿ ಕಿತ್ತುಬರುತ್ತದೆ. ಒದ್ದೆ ಬಟ್ಟೆ ಚೌಕಟ್ಟಿನಲ್ಲೇ ನಿಲ್ಲಲಿ, ಗಾಜಿನ ಒಳಮುಖದ ಚಿತ್ರದ ಗೆರೆಗಳ ಮೇಲೆ ಹೋಗದಿರಲಿ.